ಆ ಕಡೆ ಹೊರಳಿದ ಕಾರು ಈ ಕಡೆ ಬಂದದ್ದು

ಶ್ರೀರಾಮನಗರದ ಕಡೆ ಸುಗ್ಗಿ ಬಂತೆಂದರೆ ಅರ್ಧ ರಸ್ತೆ ಭತ್ತದ್ದು. ಡಾಂಬರಿನ ಮೇಲೆ ಕಾಳು ಹರವಿ, ಅಂಚಿಗೆ ಸಾಲಾಗಿ ಕಲ್ಲು ಇಡುತ್ತಾರೆ. ಗಾಡಿಯವರು ತಾವಾಗಿಯೇ ಬಲಕ್ಕೆ ಸರಿದು, ದಾಟಿ, ಮತ್ತೆ ತಮ್ಮ ದಾರಿಗೆ ಬರುತ್ತಾರೆ. ಅಷ್ಟಕ್ಕೆ ಯಾರೂ ಇಂಡಿಕೇಟರ್ ಹಾಕುವುದಿಲ್ಲ. ನಮ್ಮ ಮನೆಯವರೂ ಇಷ್ಟು ವರ್ಷ ಹಾಗೆಯೇ ಓಡಿಸಿದವರು.

ಆ ದಿನ ನಾದಿನಿಯ ಬಸುರಿ ಮಗಳ ಕುಬಸಕ್ಕೆಂದು ಕೊಪ್ಪಳದಿಂದ ಹೊರಟಿದ್ದೆವು. ಕಾರು ಹೊಸದು. ಗೆರೆ ದಾಟಿದರೆ ತಾನೇ ಸ್ಟೇರಿಂಗ್ ಎಳೆದುಕೊಳ್ಳುತ್ತದೆ, ಎದುರಿಗೆ ಯಾರಾದರೂ ಬಂದರೆ ತಾನೇ ಬ್ರೇಕ್ ಹಾಕುತ್ತದೆ ಎಂದು ಶೋರೂಮಿನವರು ತೋರಿಸಿ ಕೊಟ್ಟಿದ್ದರು. ನನ್ನ ತೊಡೆಯ ಮೇಲೆ ಹಸಿರು ಬಳೆಯ ಡಬ್ಬಿ ಇತ್ತು. ಗಂಗಾವತಿ ದಾಟಿದ ಮೇಲೆ ಮುಂದೆ ಭತ್ತ ಕಂಡಿತು. ವಯಸ್ಸಾದ ಹೆಂಗಸೊಬ್ಬಳು ಸೀರೆ ಎತ್ತಿ ಕಟ್ಟಿ, ಪಾದದಿಂದ ಸಾಲು ಎಳೆಯುತ್ತ ಕಾಳು ತಿರುವುತ್ತಿದ್ದಳು. ಇವರು ಎಂದಿನಂತೆ ಬಲಕ್ಕೆ ಹೊರಳಿಸಿದರು. ನಡುವಿನ ಬಿಳಿ ಗೆರೆ ಚಕ್ರಕ್ಕೆ ತಾಗಿತೋ ಇಲ್ಲವೋ, ಸ್ಟೇರಿಂಗ್ ಎಡಕ್ಕೆ ಬಂತು. ಕೆಳಗೆ ಕಲ್ಲುಗಳು ಕಟಕಟ ಎಂದವು. ಬ್ರೇಕ್ ಬಿತ್ತು. ಆದರೂ ಆಕೆಗೆ ತಾಗಿತ್ತು.

ಸೊಂಟದ ಎಲುಬು ಮುರಿದಿತ್ತು. ಆಪರೇಷನ್ ಆಯಿತು. ಎಡಗಾಲು ಮಾತ್ರ ಮತ್ತೆ ಆಕೆಯ ಮಾತು ಕೇಳಲಿಲ್ಲ.

ಠಾಣೆಯಲ್ಲಿ ಇವರು, ತಾವು ತಿರುಗಿಸಿದ್ದು ಬಲಕ್ಕೆ, ಎಡಕ್ಕೆ ತಂದದ್ದು ಗಾಡಿ ಎಂದರು. ಸಾಹೇಬರು ಪೆನ್ನು ಕೆಳಗಿಟ್ಟರು.

"ಹಂಗಾರ ಆರೋಪಿ ಅಂತ ಗಾಡಿ ಹೆಸರು ಬರೀಲೇನ್ರಿ ಸರ? ಅದರ ಅಪ್ಪನ ಹೆಸರೂ ಹೇಳಿಬಿಡ್ರಿ."

ಪೇದೆ ನಕ್ಕ. ರಸ್ತೆಯ ಮೇಲೆ ಭತ್ತ ಹಾಕಿದ್ದೂ ತಪ್ಪೇ ಎಂದು ಸಾಹೇಬರು ಸೇರಿಸಿದರು. ಶೋರೂಮಿನಲ್ಲಿ ಮೊದಲು ಕೇಳಿದ್ದು ಇಂಡಿಕೇಟರ್ ಹಾಕಿದ್ದಿರಾ ಎಂದು. ಹಾಕದೆ ಗೆರೆ ದಾಟಿದರೆ, ಓಡಿಸುವವರಿಗೆ ನಿದ್ದೆ ಹತ್ತಿದೆ ಎಂದು ಗಾಡಿ ತಿಳಿಯುತ್ತದಂತೆ. ಭತ್ತಕ್ಕೆ ಯಾರು ಇಂಡಿಕೇಟರ್ ಹಾಕುತ್ತಾರೆ ಎಂದು ಇವರು ರೇಗಿದರು. ಮ್ಯಾನೇಜರ್ ನಮಗೆ ನೀರು ತರಿಸಿ, ಮೆಲ್ಲಗೆ ಹೇಳಿದರು: "ಆಕಿ ಜೀವ ಉಳಿಸಿದ್ದು ನಮ್ಮ ಗಾಡಿ ಬ್ರೇಕ್ ರೀ ಸರ. ಸ್ಟೇರಿಂಗ್ ಮ್ಯಾಲ ಇದ್ದದ್ದು ನಿಮ್ಮ ಕೈ."

ಇವರದು ಸರ್ಕಾರಿ ನೌಕರಿ, ಶಿಕ್ಷೆಯಾದರೆ ಅದಕ್ಕೇ ಕುತ್ತು. ಆಕೆಯ ಮನೆಗೆ ಹೋಗಬೇಡಿ, ಹೋದರೂ ತಪ್ಪಾಯಿತು ಎನ್ನಬೇಡಿ ಎಂದರು ವಕೀಲರು. ಕಾನ್ವೆಂಟಿನಲ್ಲಿ ನಮಗೆ ಕೈಯಿಂದ ಪೆನ್ಸಿಲ್ ಬಿದ್ದರೂ ಸಾರಿ ಅನ್ನುವುದನ್ನು ಕಲಿಸಿದ್ದರು. ಆ ಒಂದು ಮಾತು ಬಾಯಲ್ಲಿಟ್ಟುಕೊಂಡೇ, ಹಣ್ಣು ತೆಗೆದುಕೊಂಡು ನಾನೊಬ್ಬಳೇ ಬಸ್ಸಿನಲ್ಲಿ ಹೋದೆ.

ಬಾಗಿಲ ಬಳಿಯ ಮಂಚದ ಮೇಲೆ ಆಕೆ ಮಲಗಿದ್ದಳು. ಕಾಲುಂಗುರದ ಜಾಗದಲ್ಲಿ ಬಿಳಿ ಗುರುತು ಉಳಿದಿತ್ತು, ಆಸ್ಪತ್ರೆಯಲ್ಲಿ ಬಿಚ್ಚಿಸಿದ್ದರಂತೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ.

"ನಿಮ್ಮ ಯಜಮಾನ್ರು ಆ ಕಡಿ ಹೊಳ್ಳಿದ್ದು ನಾ ನೋಡೀನ್ರಿ ಅಕ್ಕಾರ. ಹೊಂಟ್ರಲ್ಲ ಅಂತ ನಾ ಸರೀಲಿಲ್ಲ. ಮತ್ಯಾಕ ಹೊಳ್ಳಿ ನನ್ನ ಮ್ಯಾಲ ಬಂದ್ರು?"

ಅವರು ಬರಲಿಲ್ಲ ಅವ್ವಾ, ಗಾಡಿ ತಾನೇ ಬಂತು ಎಂದೆ. ಒಲೆಯ ಮುಂದಿದ್ದ ಸೊಸೆ ತಿರುಗಿಯೂ ನೋಡದೆ ಅಂದಳು: "ಅಷ್ಟು ಶ್ಯಾಣೇ ಗಾಡಿ ಇದ್ರ ಅದನ್ನ ಕಳಸ್ರಿ. ಅದ ಬಂದು ಹೇಳಲಿ."

"ನೀ ಸುಮ್ಮನಿರ," ಎಂದು ಸೊಸೆಯನ್ನು ತಡೆದು ಆಕೆ ನನ್ನ ಕೈ ಹಿಡಿದಳು. "ನೀವು ಬಾಜೂಕ ಕುಂತಿದ್ರಿ. ನೀವರ ಹೇಳ್ರಿ."

ನಾನು ಕಂಡದ್ದು ಇಷ್ಟೇ: ಇವರ ಎರಡೂ ಕೈ ಸ್ಟೇರಿಂಗ್ ಮೇಲಿದ್ದವು, ಕೈಯೂ ಸ್ಟೇರಿಂಗೂ ಕೂಡಿಯೇ ಎಡಕ್ಕೆ ಬಂದವು. ಯಾವುದು ಯಾವುದನ್ನು ಎಳೆಯಿತು ಎಂದು ಕಾಣಲಿಲ್ಲ. ಇದನ್ನು ಹೇಗೆ ಹೇಳಲಿ? ಗೊತ್ತಿಲ್ಲ ಅವ್ವಾ ಎಂದೆ. ಹಾಗಾದರೆ ಅವರೇ ಒಮ್ಮೆ ಬಂದು ಹೇಳಿಹೋಗಲಿ, ತನಗೆ ಬೇರೇನೂ ಬೇಡ ಎಂದಳು.

ಮನೆಗೆ ಬಂದು ಇವರಿಗೆ ತಿಳಿಸಿದೆ. ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲೇ ಇಟ್ಟರು.

"ಹೋಗಿ ಏನಂತ ಹೇಳ್ಲಿ? ತಪ್ಪು ನಂದಲ್ಲ ಅಂದ್ರ ಆಕಿ ನಂಬಂಗಿಲ್ಲ. ನಂದ ಅಂದ್ರ ನಾನೇ ನಂಬಂಗಿಲ್ಲ."

ಹೋಗಲಿಲ್ಲ. ಕೋರ್ಟಿನ ತಾರೀಖು ಮುಂದೆ ಮುಂದೆ ಹೋಗುತ್ತಿದೆ. ನಾನು ಆಗಾಗ ಹೋಗಿ ಬರುತ್ತೇನೆ. ಮೊದಮೊದಲು ನನ್ನ ಹಿಂದೆ ಇನ್ನಾರಾದರೂ ಇದ್ದಾರೆಯೇ ಎಂದು ಆಕೆ ಬಾಗಿಲ ಕಡೆ ನೋಡುತ್ತಿದ್ದಳು. ಕಳೆದ ಸಲ ನೋಡಲಿಲ್ಲ, ಏನನ್ನೂ ಕೇಳಲೂ ಇಲ್ಲ. ಸೊಸೆಗೆ ಚಹಾ ಇಡಲು ಹೇಳಿ, ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಪಕ್ಕಕ್ಕೆ ಸರಿಸಿಕೊಂಡು, ಮಂಚದ ಮೇಲೆ ನನಗೆ ಕೂರಲು ಜಾಗ ಮಾಡಿದಳು.