ಅತ್ತೆಯ ಎಡಗೆನ್ನೆ

ಫೋಟೋ ತೊಳೆಯುವ ಕತ್ತಲೆಕೋಣೆಯ ಕೆಂಪು ದೀಪದ ಕೆಳಗೆ, ಔಷಧದ ತಟ್ಟೆಯಲ್ಲಿ ಮೆಲ್ಲಗೆ ಮೂಡಿದ ಮುಖ ನನ್ನ ಅತ್ತೆಯದಾಗಿರಲಿಲ್ಲ. ಮೂಗು ಅವಳದೇ, ಮೂಗುತಿ ಅವಳದೇ, ಕೆನ್ನೆ ಮಾತ್ರ ಯಾರದೋ. ಸಿಡುಬಿನ ಒಂದು ಕುಳಿಯೂ ಇಲ್ಲ, ಬೆಣ್ಣೆ ಸವರಿದಂತಿತ್ತು. ಕಾಲೇಜಿನ ಕೊನೆಯ ವರ್ಷದ ಪ್ರದರ್ಶನಕ್ಕೆ ಆರೇ ದಿನ ಉಳಿದಿತ್ತು.

ಹುಬ್ಬಳ್ಳಿಯಿಂದ ಮೀಟರ್‌ಗೇಜ್ ರೈಲು ಹತ್ತಿ ಬರೋಡಾಕ್ಕೆ ಬಂದು ಅದು ನಾಲ್ಕನೆಯ ವರ್ಷ. ನಮ್ಮ ಕಡೆಯವರು ನಂಬಲಿಕ್ಕಿಲ್ಲ, ಇಲ್ಲಿ ಬೇಳೆಸಾರಿಗೂ ಬೆಲ್ಲ ಹಾಕುತ್ತಾರೆ. ಮೊದಲ ವಾರ ತಾಟಿನ ಮುಂದೆ ಅತ್ತುಬಿಟ್ಟಿದ್ದೆ. ಸಜ್ಜೆಯ ರೊಟ್ಟಿಗೆ ರೋಟ್ಲೋ ಎನ್ನುತ್ತಾರೆ, ಬೆರಳಿನಷ್ಟು ದಪ್ಪ; ನಮ್ಮ ಜೋಳದ ರೊಟ್ಟಿ ಅದರ ಮುಂದೆ ಬರೀ ಕಾಗದ. ನಮ್ಮೂರು ಸಂಶಿ ಎಲ್ಲಿದೆ ಎಂದು ಹೇಳಿ ಹೇಳಿ ಬೇಸತ್ತು, ಊರಿನ ಹನ್ನೆರಡು ಮುಖಗಳನ್ನೇ ಪ್ರದರ್ಶನದ ಗೋಡೆಗೆ ಹಾಕುತ್ತೇನೆ, ನೋಡಿಕೊಳ್ಳಲಿ ಎಂದುಕೊಂಡಿದ್ದೆ. ನಟ್ಟನಡುವಿನ ಚಿತ್ರ ಅತ್ತೆಯದು.

ತಾಯಿಯಿಲ್ಲದ ನನ್ನನ್ನು ಬೆಳೆಸಿದವಳು ಅವಳು. ಹೊರಗಿನವರು ಬಂದರೆ ಸೆರಗನ್ನು ಎಡಗೆನ್ನೆಗೆ ಎಳೆದುಕೊಳ್ಳುತ್ತಾಳೆ. ನನ್ನ ಮುಂದೆ ಎಂದೂ ಇಲ್ಲ. ಬೇಸಿಗೆ ರಜೆಯಲ್ಲಿ ನಾನು ಕ್ಯಾಮೆರಾ ಹಿಡಿದಾಗ ತಾನಾಗಿಯೇ ಸೆರಗು ಇಳಿಸಿದಳು.

“ಈ ಕೆನ್ನಿ ಮ್ಯಾಲಿನ ಕಲಿ ಆಮ್ಯಾಲೆ ತಗದ ಬಿಡ್ತಿ ಅಲ್ಲ?”

“ಹೂಂ ಅತ್ತಿ, ನೀ ಅಲುಗಾಡಬ್ಯಾಡ,” ಎಂದೆ. ಬೆಳಕು ಇಳಿಯುತ್ತಿತ್ತು.

ಸೆಖೆಗೆ ರೋಲು ಕೆಡದಿರಲೆಂದು ಸಂಶಿಯಲ್ಲೇ ತೊಳೆಯಲು ಕಾಕಾನಿಗೆ ಕೊಟ್ಟು ಬಂದಿದ್ದೆ. ಅವನು ಅತ್ತೆಯ ತಮ್ಮ, ಅವನ ಫೋಟೋ ಸ್ಟುಡಿಯೋದಲ್ಲೇ ನಾನು ಈ ವಿದ್ಯೆ ಕಲಿತದ್ದು. ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಿಂದ ಚುಕ್ಕಿ ತುಂಬಿ ಮುಖದ ಕಲೆ ಮರೆಸುವುದನ್ನೂ ಅವನೇ ಕಲಿಸಿದ್ದ. ಹೆಣ್ಣಿನ ಫೋಟೋ ಗಂಡಿನ ಮನೆಗೆ ಹೋಗುವ ಮೊದಲು ಅಷ್ಟು ಆಗಲೇಬೇಕಿತ್ತು.

ಅಂಚೆಯಲ್ಲಿ ಬಂದ ನೆಗೆಟಿವನ್ನು ಈಗ ದೀಪಕ್ಕೆ ಓರೆಯಾಗಿ ಹಿಡಿದೆ. ಕೆನ್ನೆಯ ಮೇಲೆ ಪೆನ್ಸಿಲಿನ ಚುಕ್ಕಿಗಳು ಹೊಳೆದವು. ಕವರನ್ನು ಕೊಡವಿದರೆ ಒಂದು ಚೀಟಿ: “ಅಕ್ಕ ಹೇಳಿದ್ಲು. ನೀ ಮರತಿರಬೇಕಂತ ನಾನ ಮಾಡೇನಿ. ಅಗದಿ ಚಂದ ಆಗೇತಿ.”

ನಂಬಿದವರೇ ಕುತ್ತಿಗೆ ಕೊಯ್ದರಲ್ಲ, ಅದೂ ಇಬ್ಬರೂ ಸೇರಿ, ನನ್ನನ್ನು ಒಂದು ಮಾತು ಕೇಳದೆ! ಅರಳೆಗೆ ಟರ್ಪೆಂಟೈನ್ ಹಚ್ಚಿ ಒರೆಸಿದೆ. ಕಾಕಾ ಕಣ್ಣು ಕಿರಿದು ಮಾಡಿಕೊಂಡು ಕೂತು ಮಾಡಿದ ಕೆಲಸ ಎರಡೇ ನಿಮಿಷದಲ್ಲಿ ಅರಳೆಗೆ ಬಂತು.

ಪ್ರದರ್ಶನದಲ್ಲಿ ಜನ ನಿಂತದ್ದು ಆ ಚಿತ್ರದ ಮುಂದೆಯೇ. ಎಂಥ ನಿಜವಾದ ಮುಖ ಎಂದರು ಮೇಷ್ಟರು. ಅಲ್ಲೇ ಕೆಲಸವೂ ಸಿಕ್ಕಿತು. ಬರೋಡಾ ಅವತ್ತು ನನ್ನನ್ನು ತನ್ನವಳೆಂದಿತು, ನಾನು ಹಿಗ್ಗಿದೆ, ಸುಳ್ಳೇಕೆ ಹೇಳಲಿ.

ಅದೇ ಚಿತ್ರವನ್ನು ಊರಿಗೆ ಒಯ್ದು ಅತ್ತೆಯ ಕೈಗಿಟ್ಟೆ. ಬಹಳ ಹೊತ್ತು ನೋಡಿದಳು.

“ಇದನ್ನ ಮಂದಿ ನೋಡಿದ್ರೇನು?”

“ಎಲ್ಲಾರೂ ಹೊಗಳ್ಯಾರ ಅತ್ತಿ.”

“ನೀ ಹೂಂ ಅಂದಿದ್ದಿ ಅಲ್ಲಬೇ.”

ಇವರು ನನಗೆ ಮೋಸ ಮಾಡಿದರೆಂದು ಅಷ್ಟು ದಿನ ಕುದ್ದ ನನಗೆ ಆ ಹೂಂ ನೆನಪೇ ಇರಲಿಲ್ಲ. ಅವಳು ಚಿತ್ರವನ್ನು ತಿರುಗಿಸಿ ನನ್ನ ಚೀಲದ ಮೇಲಿಟ್ಟಳು. “ನೀನ ಒಯ್ಯಿ. ಅಲ್ಲೇ ಇರ್ಲಿ.”

ಈಗ ಅದು ಬರೋಡಾದ ನನ್ನ ಬಾಡಿಗೆ ಕೋಣೆಯಲ್ಲಿದೆ. ಮನೆಯೊಡತಿ ಬಂದಾಗಲೆಲ್ಲ ಅದರತ್ತ ಬೆರಳು ತೋರಿಸಿ, ಇದೇ ಅಲ್ಲವೇ ನಿನ್ನ ಊರು ಎನ್ನುತ್ತಾಳೆ. ಹೌದೆನ್ನುತ್ತೇನೆ.

ಆ ಸಲ ನಾನು ಬಸ್ಸಿಗೆ ಹೊರಟಾಗ ಅತ್ತೆ ಬಾಗಿಲತನಕ ಬಂದಳು. “ಹೋಗಿ ಬಾ,” ಎಂದಳು. ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಬೀದಿಯಲ್ಲಿ ನನ್ನ ಹೊರತು ಯಾರೂ ಇರಲಿಲ್ಲ. ಅವಳು ಸೆರಗನ್ನು ಎಡಗೆನ್ನೆಗೆ ಎಳೆದುಕೊಂಡಿದ್ದಳು.