ಜಯಮ್ಮನ ತೋಟದಲ್ಲಿ ನಮ್ಮ ಮುಕ್ಕಾಲಿ

ಹಾಸನಕ್ಕೆ ಬಂದ ಮೊದಲ ದಿನ ನಮ್ಮ ವಿಭಾಗದ ಹೊಸ ಪ್ರಯೋಗಾಲಯವನ್ನು ನನಗೆ ಕಿಟಕಿಯಿಂದ ತೋರಿಸಿದರು. ಬಾಗಿಲಿಗೆ ಬೀಗ, ಬೀಗಕ್ಕೆ ಕುಂಕುಮ. ಒಳಗೆ ಹೊಸ ಯಂತ್ರಗಳು ಪ್ಲಾಸ್ಟಿಕ್ ಹೊದ್ದುಕೊಂಡು, ಮದುವೆಗೆ ಬಂದ ದೂರದ ನೆಂಟರಂತೆ ಸಾಲಾಗಿ ಸುಮ್ಮನೆ ಕೂತಿದ್ದವು.

"ನೋಡ್ಕೊಂಡ್ಯಾ? ಚೆನ್ನಾಗೈತಾ?" ಎಂದರು ಬೋರೇಗೌಡ ಸರ್.

"ಒಳಗ ಹೋಗೂಣ್ರಿ" ಎಂದೆ.

"ಯಾಕೆ?" ಎಂದರು.

ಬೋರೇಗೌಡರು ಅರಕಲಗೂಡಿನವರು, ಈ ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದ ಹಿರಿಯರು. ಯಂತ್ರಗಳೆಲ್ಲ ಅವರ ಹೆಸರಿನಲ್ಲಿವೆ. ಒಂದು ಕೆಟ್ಟರೂ ಅವರೇ ಉತ್ತರ ಹೇಳಬೇಕು, ನಿವೃತ್ತಿಯ ಕಾಗದಗಳು ಮೇಜಿನಿಂದ ಮೇಜಿಗೆ ಅಲೆಯುತ್ತವೆ. ನಿವೃತ್ತಿಯೋ ಹತ್ತಿರದಲ್ಲೇ ಇತ್ತು. ಯಂತ್ರ ಕೆಡದಂತೆ ನೋಡಿಕೊಳ್ಳುವ ಅತಿ ಸುಲಭದ ದಾರಿಯನ್ನು ಅವರು ಕಂಡುಕೊಂಡಿದ್ದರು: ಯಾರೂ ಮುಟ್ಟಬಾರದು.

ಬಾಗಲಕೋಟೆಯ ಗೆಳೆಯರೇ, ನಾನಿಲ್ಲಿ ಅತಿಥಿ ಉಪನ್ಯಾಸಕ. ಅತಿಥಿ ಎಂದರೆ ಊಟಕ್ಕೆ ಕರೆಯುತ್ತಾರೆಂದು ತಿಳಿಯಬೇಡಿ, ಯಾವಾಗ ಬೇಕಾದರೂ ಕಳಿಸಬಹುದು ಎಂದು ಅರ್ಥ. ಇಲ್ಲಿಯವರಿಗೆ ಅರಸೀಕೆರೆ ದಾಟಿದರೆ ಎಲ್ಲವೂ ಹುಬ್ಬಳ್ಳಿ. ಮನೆ ಮಾಲೀಕರು ನನ್ನನ್ನು ಪರಿಚಯಿಸುವುದೇ "ಉಬ್ಳಿ ಮೇಷ್ಟ್ರು" ಎಂದು. ನಾವೂ ದಾವಣಗೆರೆ ದಾಟಿದವರನ್ನೆಲ್ಲ ಬೆಂಗಳೂರಿಗೆ ಸೇರಿಸುವವರೇ, ಹಾಗಾಗಿ ಲೆಕ್ಕ ಸಮ. ಖಾರದ ವಿಷಯದಲ್ಲಿ ಮಾತ್ರ ಸಮವಾಗಲಿಲ್ಲ. ಇವರ ಬಸ್ಸಾರು, ಅಂದರೆ ಸೊಪ್ಪು ಕಾಳು ಬೇಯಿಸಿ ಬಸಿದ ನೀರಿನ ಸಾರು, ನನಗೆ ಹಿಡಿಸಿತು. ಆದರೆ ಪಕ್ಕದಲ್ಲಿ ಶೇಂಗಾ ಚಟ್ನಿಪುಡಿ ಇಲ್ಲದೆ ತಟ್ಟೆ ಅನಾಥವಾಗಿ ಕಾಣುತ್ತದೆ.

ಒಂಟಿತನಕ್ಕೆ ನನ್ನ ಮದ್ದು ನಿಮಗೆ ಗೊತ್ತೇ ಇದೆ, ಅಣಕ. ಬಾಡಿಗೆ ಕೋಣೆಯ ಕನ್ನಡಿಯ ಮುಂದೆ ಅಭ್ಯಾಸ ಮಾಡಿ, ಚನ್ನರಾಯಪಟ್ಟಣದ ಹುಡುಗರ "ಬತ್ತೀನ್ ಸಾ", ಶಾಂತಿಗ್ರಾಮದಲ್ಲಿ ಬಸ್ ನಿಲ್ಲಿಸುವ ಕಂಡಕ್ಟರನ ಕೂಗು, ಬೋರೇಗೌಡರ "ಮುಟ್ಬ್ಯಾಡ ಕಣಯ್ಯ" ಎಲ್ಲವನ್ನೂ ಕ್ಯಾಂಟೀನಿನಲ್ಲಿ ಒಪ್ಪಿಸುತ್ತಿದ್ದೆ. ನನ್ನನ್ನೂ ಬಿಟ್ಟಿಲ್ಲ. ಸಂಬಳ ತಡವಾದ ತಿಂಗಳು ಅವ್ವನಿಗೆ ಫೋನಿನಲ್ಲಿ "ಆರಾಮ್ ಅದೀನಿ ಬೇ" ಎನ್ನುವ ನನ್ನ ದನಿಗೇ ಹುಡುಗರು ಹೆಚ್ಚು ನಗುವುದು.

ಹೀಗಿರುವಾಗ, ಸ್ನಾತಕೋತ್ತರ ತರಗತಿಗೆ ಅನುಮತಿ ಕೊಡಲು ತಜ್ಞರ ತಂಡ ಬರುತ್ತದೆ ಎಂದು ಸುದ್ದಿ ಬಂತು. ಪ್ಲಾಸ್ಟಿಕ್ ಹೊದ್ದ ಯಂತ್ರ ನೋಡಿ ಅವರು ಒಪ್ಪುವವರಲ್ಲ. ವಿಭಾಗದ ಮುಖ್ಯಸ್ಥೆ ನನ್ನನ್ನು ಕರೆದರು. "ಆ ಸರ್ವೆ ಯಂತ್ರದಲ್ಲಿ ನಮ್ಮ ಮಕ್ಕಳು ಮಾಡಿದ ಒಂದು ನಕ್ಷೆ ಬೇಕು. ನಕ್ಷೆ ಇದ್ರೆ ತರಗತಿ ಇರುತ್ತೆ. ತರಗತಿ ಇದ್ರೆ ಮುಂದಿನ ವರ್ಷ ನೀವೂ ಇರ್ತೀರ" ಎಂದರು.

ಬೋರೇಗೌಡರು ಬೀಗ ತೆಗೆದರು. ಟೋಟಲ್ ಸ್ಟೇಷನ್ನಿನ ಹಳದಿ ಪೆಟ್ಟಿಗೆಯನ್ನು ನನ್ನ ತೋಳಿಗೆ ಕೊಟ್ಟರು. ಮುಕ್ಕಾಲಿಯ ಮೇಲೆ ಕೂರಿಸಿದರೆ ದೂರ, ಕೋನ ಎಲ್ಲವನ್ನೂ ತಾನೇ ಅಳೆದು ನೆನಪಿಟ್ಟುಕೊಳ್ಳುವ ಸರ್ವೆ ಯಂತ್ರ ಅದು.

"ಇದು ಮಿಷಿನ್ ಅಲ್ಲ ಕಣಯ್ಯ, ನನ್ ಪಿಂಚಣಿ. ಎದೆಗವುಚ್ಕೊಂಡು ತಗೊಂಬಾ."

ಹೊಳೆನರಸೀಪುರದ ರಸ್ತೆಯ ಒಂದು ಹಳ್ಳಿಯಲ್ಲಿ ಶಿಬಿರ ಹೂಡಿದೆವು. ಪಂಚಾಯಿತಿಯಲ್ಲಿ ಕೇಳಿಕೊಂಡಿದ್ದೆ. ಎರಡು ದಿನ ಶಾಲೆ, ಕೆರೆ ಏರಿ, ಓಣಿ ಎಲ್ಲ ಅಳೆದೆವು. ಕೊನೆಗೆ ಉಳಿದದ್ದು ಕೆರೆಯ ಪಕ್ಕದ ಒಂದು ತೆಂಗಿನ ತೋಟ. ನಮ್ಮ ಎರೆ ಹೊಲಗಳಲ್ಲಿ ಬದು ದಾಟಿ ಮೈಲಿಗಟ್ಟಲೆ ನಡೆದರೂ ಯಾರೂ ಏನೂ ಕೇಳುವುದಿಲ್ಲ. ಅದೇ ಅಭ್ಯಾಸದಲ್ಲಿ ಬೇಲಿಯ ಸಂದಿನಿಂದ ಹುಡುಗರನ್ನು ಒಳಗೆ ನುಗ್ಗಿಸಿದೆ. ಗುರುತಿಗೆ ಇರಲೆಂದು ಎಲ್ಲೆಯ ಕಲ್ಲಿಗೆ ಕೆಂಪು ಬಣ್ಣವನ್ನೂ ಬಳಿಸಿದೆ.

"ಯಾರ್ಲಾ ಅದು, ನನ್ ತ್ವಾಟ್ದಲ್ಲಿ ಕ್ಯಾಮ್ರಾ ಇಟ್ಟಿರೋದು?"

ತೋಟದ ಒಡತಿ ಜಯಮ್ಮ. ಕೈಯಲ್ಲಿ ಹುಲ್ಲು ಕೊಯ್ಯುವ ಕುಡುಗೋಲು.

"ಕ್ಯಾಮ್ರಾ ಅಲ್ಲ ಕಣಜ್ಜಿ, ಸರ್ವೆ ಮಾಡ್ತಿದೀವಿ" ಎಂದಳು ನನ್ನ ವಿದ್ಯಾರ್ಥಿನಿ ರಮ್ಯಾ, ಚನ್ನರಾಯಪಟ್ಟಣದ ಹುಡುಗಿ.

ಸರ್ವೆ ಎಂಬ ಮಾತು ಕಿವಿಗೆ ಬಿದ್ದದ್ದೇ ಜಯಮ್ಮ ಎಲ್ಲೆಯ ಕಲ್ಲಿನತ್ತ ತಿರುಗಿದರು. "ಅಯ್ಯಯ್ಯೋ, ಕೆಂಪು ಬಳ್ದವ್ರೆ! ಲೇ ಮಂಜ, ಬಾರ್ಲಾ ಇಲ್ಲಿ! ನನ್ ತಂಗಿ ತ್ವಾಟದ ಕಲ್ಲಿಗೂ ಇಂಗೇ ಬಳ್ದಿದ್ರು ಕಣ್ಲಾ. ಈಗ ಕಲ್ಲೂ ಇಲ್ಲ, ತ್ವಾಟಾನೂ ಇಲ್ಲ, ಟಾರ್ ರೋಡ್ ಐತೆ!"

ಮಗ ಮಂಜ ಬಂದ. ಅವನ ಹಿಂದೆ ಅರ್ಧ ಊರು ಬಂತು. ನಾನು ತಿಳಿಗೇಡಿ, ಅವರ ಮಾತಿನಲ್ಲೇ ಸಮಾಧಾನ ಮಾಡಲು ಹೊರಟೆ: "ಏನೂ ಇಲ್ಲ ಕಣವ್ವಾ. ಐಕ್ಳು ಪಾಠ ಕಲೀತಾವೆ. ಒಂದ್ ಗಳ್ಗೆ, ಓಗ್ಬುಡ್ತೀವಿ."

ಕ್ಯಾಂಟೀನಿನ ಅಭ್ಯಾಸಕ್ಕೆ ಹಿಂದಿನಿಂದ ಒಬ್ಬ ಹುಡುಗ ಕಿಸಕ್ಕನೆ ನಕ್ಕ.

ಜಯಮ್ಮನ ಮುಖ ಕಪ್ಪಿಟ್ಟಿತು. "ನಮ್ ಮಾತ್ನೇ ಆಡಿ ನಮ್ಮುನ್ನೇ ಆಡ್ಕತೀಯಾ? ಎತ್ಲಾ ಮಂಜ ಅದ್ನ!"

ಮಂಜ ಮುಕ್ಕಾಲಿ ಸಮೇತ ಯಂತ್ರವನ್ನು ಹೆಗಲಿಗೆ ಎಸೆದುಕೊಂಡು ನಡೆದ. ನನ್ನ ಕಣ್ಣಿಗೆ ಮಾತ್ರ ಬೋರೇಗೌಡರೇ ಆ ಹೆಗಲ ಮೇಲೆ ಕುಲುಕುತ್ತ ಹೋಗುತ್ತಿರುವಂತೆ ಕಂಡಿತು. ಅದನ್ನು ಅವರ ಮನೆಯ ಜಗಲಿಯಲ್ಲಿ ಇಳಿಸಿ ಗೋಣಿಚೀಲ ಹೊದಿಸಿದರು. ಜಯಮ್ಮ ಮುಕ್ಕಾಲಿಯ ಒಂದು ಕಾಲು ಹಿಡಿದು ಪಕ್ಕದಲ್ಲೇ ಕೂತರು. ಅಷ್ಟು ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು.

"ಮಿಷಿನ್ ಎಂಗೈತಯ್ಯ?" ಬೋರೇಗೌಡರು.

"ನೆಳ್ಳಾಗ ಐತ್ರಿ ಸರ್" ಎಂದೆ. ಸುಳ್ಳೇನೂ ಅಲ್ಲ.

ಕಾಲೇಜಿನ ಹೆಸರು ಹೇಳಿದೆ, ಗುರುತಿನ ಚೀಟಿ ತೋರಿಸಿದೆ. "ತಂಗಿ ತ್ವಾಟಕ್ಕೆ ಬಂದವ್ರೂ ಚೀಟಿ ತೋರ್ಸಿದ್ರು" ಎಂದರು ಜಯಮ್ಮ. ಯಾರೋ ನಮ್ಮ ವ್ಯಾನಿನ ಕೀಲಿಯನ್ನೂ ಕಿತ್ತುಕೊಂಡರು. ಒಬ್ಬ ಯಂತ್ರವನ್ನು ಕೆರೆಗೆ ಎಸೆಯೋಣ ಎಂದ. ಇನ್ನೊಬ್ಬ ಎದ್ದೇಬಿಟ್ಟ. ಹುಡುಗಿಯರು ಒಬ್ಬರನ್ನೊಬ್ಬರು ಹಿಡಿದುಕೊಂಡರು. ಕಲಿತಿದ್ದ ದನಿಗಳಲ್ಲಿ ಒಂದೂ ನೆರವಿಗೆ ಬರಲಿಲ್ಲ, ಬಂದದ್ದು ಮನೆಯ ಮಾತು.

"ಯವ್ವಾ, ನಮ್ಮೂರಿಗೂ ಹಿಂಗ ಮುಕ್ಕಾಲಿ ತಂದಿದ್ರಬೇ. ಅಳಕೊಂಡು ಹೋದ್ರು, ಹಿಂದಿಂದ ನೀರು ಬಂತು. ಊರು ಈಗ ಹಿನ್ನೀರಾಗೈತಿ. ನಾ ಹುಟ್ಟಿದ್ದು ಪುನರ್ವಸತಿ ತಗಡಿನ ಶೆಡ್ಡಿನ್ಯಾಗ."

ಜಯಮ್ಮ ನನ್ನನ್ನೇ ನೋಡಿದರು.

"ಅಂಗಾರೆ ಗೊತ್ತಿದ್ದೂ ಬಂದ್ಯಾ?"

ನನ್ನನ್ನು ಜೀವನದಲ್ಲಿ ಯಾರೂ ಇಷ್ಟು ಚೆನ್ನಾಗಿ ಹಂಗಿಸಿಲ್ಲ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬಂತು: "ಇದ್ರೊಳ್ಗೆ ನಮ್ ತ್ವಾಟ, ನಮ್ಮೂರು ಐತಾ?"

"ಐತ್ರಿ."

"ತಗುದ್ಬುಡು. ಎಲ್ಲಾನೂ. ತಗುದ್ರೆ ಮಿಷಿನ್ ಒಯ್ಯಿ."

ಎರಡು ದಿನದ ಅಳತೆಯೆಲ್ಲ ಆ ಯಂತ್ರದಲ್ಲೇ ಇತ್ತು, ಇನ್ನೂ ಕಂಪ್ಯೂಟರಿಗೆ ಇಳಿಸಿರಲಿಲ್ಲ. ಅಳಿಸಿದರೆ ನಕ್ಷೆಯಿಲ್ಲ. ತಂಡ ಬರುವುದು ಮರುದಿನವೇ. ರಮ್ಯಾ ಕಿವಿಯ ಬಳಿ ಪಿಸುಗುಟ್ಟಿದಳು, "ಸಾ, ಸುಮ್ನೆ ಆಫ್ ಮಾಡಿ ತೋರ್ಸಿ ಸಾ. ಅವ್ರಿಗೇನ್ ಗೊತ್ತಾಯ್ತದೆ?"

ಗೊತ್ತಾಗುತ್ತಿರಲಿಲ್ಲ ನಿಜ. ನಟನೆಯಲ್ಲಿ ಈ ಜಿಲ್ಲೆಯಲ್ಲಿ ನನ್ನನ್ನು ಮೀರಿಸುವವರಿಲ್ಲವೆಂಬ ಜಂಬವೂ ನನಗಿತ್ತು. ಬೆರಳು ಆಫ್ ಗುಂಡಿಯ ಮೇಲೇ ಹೋಯಿತು. ಆದರೆ ಜಯಮ್ಮ ಪರದೆಯ ಕಡೆ ನೋಡುತ್ತಲೇ ಇರಲಿಲ್ಲ. ನನ್ನ ಮುಖ ನೋಡುತ್ತಿದ್ದರು. ನಮ್ಮಜ್ಜಿಯೂ ಮುಕ್ಕಾಲಿಯ ಹಿಂದಿದ್ದವನ ಮುಖವನ್ನು ಹೀಗೇ ನೋಡಿರಬೇಕು. ಫೈಲು ತೆರೆದೆ. ಖಚಿತವೇ ಎಂದು ಯಂತ್ರ ಕೇಳಿತು. ಒತ್ತಿದೆ.

"ಓಯ್ತಾ?"

"ಹೋತ್ರಿ."

"ಆಣೆ?"

"ನಮ್ಮೂರಾಣಿ."

"ಮುಳುಗೋಗಿರೋ ಊರ್ ಮೇಲೆ ಆಣೆ ಇಟ್ರೆ ಏನ್ಲಾ ಬಂತು!" ಎಂದರು. ಆದರೂ ಹಿಡಿದಿದ್ದ ಮುಕ್ಕಾಲಿಯ ಕಾಲು ಬಿಟ್ಟರು. ಎಲ್ಲೆಯ ಕಲ್ಲಿನ ಬಣ್ಣ ಹೋಗುವವರೆಗೆ ಹುಡುಗರಿಂದ ಉಜ್ಜಿಸಿ ಆಮೇಲೆ ಕೀಲಿ ಕೊಡಿಸಿದರು. ಇನ್ನೊಮ್ಮೆ ಈ ಬೇಲಿಯೊಳಗೆ ಕಾಲಿಟ್ಟರೆ ನೋಡು ಎಂದೂ ಹೇಳಿ ಕಳಿಸಿದರು.

ಬೋರೇಗೌಡರು ಯಂತ್ರವನ್ನು ಬಾಣಂತಿ ಕೋಣೆಯ ಕೂಸಿನಂತೆ ತಿರುಗಿಸಿ ಮುರುಗಿಸಿ ನೋಡಿದರು. ಒಳಗೆ ಏನೂ ಇಲ್ಲವೆಂದೆ. "ಓದ್ರೆ ಓಗ್ಲಿ ಬುಡು. ಮಿಷಿನ್ ಬಂತಲ್ಲ" ಎಂದರು. ನನ್ನ ಮುಖ ಕಂಡು ಅವರಿಗೇ ಪಾಪ ಅನ್ನಿಸಿತೇನೋ, "ನೀ ಬರೋವರ್ಗೂ ಉಂಡಿಲ್ಲ, ಬಾ" ಎಂದು ತಮ್ಮ ಡಬ್ಬಿಯ ಅರ್ಧವನ್ನು ನನಗೇ ಕೊಟ್ಟರು.

ಮರುದಿನ ತಂಡದವರು ಕೇಳಿದರು, ಎರಡು ದಿನ ಏನು ಮಾಡಿದಿರಿ? ಕೇಳದೆ ಒಬ್ಬರ ತೋಟಕ್ಕೆ ನುಗ್ಗಿದೆ, ಅವರು ಕೇಳಿದ್ದಕ್ಕೆ ಅಳಿಸಿದೆ ಎಂದೆ. ಅವರು ನಗಲಿಲ್ಲ. ಅನುಮತಿ ಈ ವರ್ಷ ಸಿಗಲಿಲ್ಲ. ನನ್ನ ಕೆಲಸ ಈ ಸೆಮಿಸ್ಟರಿನ ಕೊನೆಯವರೆಗೆ, ಅದರಾಚೆಗೆ ಮೇಡಂ ಏನೂ ಹೇಳುತ್ತಿಲ್ಲ. ಈಗ ಒಂದೊಂದು ಮನೆಯ ಬಾಗಿಲಿಗೂ ಹೋಗಿ ಕೇಳಿದ ಮೇಲೆಯೇ ಮುಕ್ಕಾಲಿ ಇಡುತ್ತೇವೆ. ಅರ್ಧ ಜನ ಬೇಡವೆನ್ನುತ್ತಾರೆ.

ಮೊನ್ನೆ ಅವ್ವ ಫೋನು ಮಾಡಿದ್ದಳು. ನಮ್ಮೂರು ಮುಳುಗುವ ಮುಂಚೆ ಸರ್ವೆಯವರು ಬರೆದ ನಕ್ಷೆ ಕಚೇರಿಯಲ್ಲಿ ಸಿಕ್ಕಿದೆಯಂತೆ, ಎಲ್ಲರೂ ಪ್ರತಿ ಮಾಡಿಸಿಕೊಳ್ಳುತ್ತಿದ್ದಾರಂತೆ. "ನಮ್ಮ ಮನಿ, ಬಾವಿ, ಅಗಸಿ, ಎಲ್ಲಾ ಐತಿ ನೋಡೋ. ಅವರು ಅಳೀದಿದ್ರ ಇದೂ ಇರತಿದ್ದಿಲ್ಲ" ಎಂದಳು. ಜಯಮ್ಮನ ಕತೆಯನ್ನು ನಾನು ಅವಳಿಗೆ ಹೇಳಿಲ್ಲ. ಪ್ರತಿಯ ಚಿತ್ರ ಕಳಿಸಿದಳು. ಅಚ್ಚು ತೆಗೆಸಿ ಮೇಜಿನ ಮೇಲೆ ಇಟ್ಟುಕೊಂಡು ನಮ್ಮ ಮನೆಯ ಚೌಕ ಯಾವುದೆಂದು ಹುಡುಕುತ್ತಿದ್ದಾಗ ರಮ್ಯಾ ಬಂದಳು.

"ಎಷ್ಟ್ ನೀಟಾಗ್ ಮಾಡವ್ರೆ ಸಾ! ಯಾವೂರು? ಒಂದ್ಸಲ ನಾವೂ ಓಗಿ ಅಳ್ದು ನೋಡಣ."

"ಓಗಣ ಕಣಮ್ಮ" ಎಂದೆ. ಅಣಕಿಸಿ ಹೇಳಿದ್ದಲ್ಲ. ಹಾಗೇ ಬಂತು.