ಅಜ್ಜ ಶಾಲೆಗೆ ಹೋದ ಬಗೆ

ಅಜ್ಜನ ಹೆಸರಿನಲ್ಲಿ ನಾವು ಮನೆಯವರೇ ಸೇರಿ ಒಂದು ಟ್ರಸ್ಟ್ ನಡೆಸುತ್ತೇವೆ. ಕಾಲೇಜು ಸೇರುವ ಮಕ್ಕಳ ಫೀಸು ಕಟ್ಟುವುದು ಅದರ ಕೆಲಸ. ಕಚೇರಿ ಎಂದರೆ ಶಿವಮೊಗ್ಗದ ದುರ್ಗಿಗುಡಿಯ ನಮ್ಮ ಮನೆಯ ಮುಂದಿನ ಕೋಣೆ. ಚೆಕ್ಕಿಗೆ ಇಬ್ಬರ ಸಹಿ ಬೇಕು: ಅಧ್ಯಕ್ಷರಾದ ಚಿಕ್ಕಪ್ಪನದು, ಖಜಾಂಚಿಯಾದ ಅತ್ತೆಯದು. ಸಹಿಗೆ ಮೊದಲು ಒಂದು ಪದ್ಧತಿ. ಚೆಕ್ ಪಡೆಯುವವರು ಅಜ್ಜ ಹೇಗೆ ಓದಿದರು ಎಂಬುದನ್ನು ಹೇಳಬೇಕು.

ಕಷ್ಟವೇನೆಂದರೆ, ಸಹಿ ಹಾಕುವ ಇಬ್ಬರಿಗೇ ಅದರಲ್ಲಿ ಒಮ್ಮತವಿಲ್ಲ. ಭದ್ರಾವತಿಯಿಂದ ಶಿವಮೊಗ್ಗದ ಶಾಲೆಗೆ ದಿನವೂ ನಡೆದೇ ಬರುತ್ತಿದ್ದರು ಎಂದು ಚಿಕ್ಕಪ್ಪ. ಟಿಕೆಟ್ ಇಲ್ಲದೆ ರೈಲಿನಲ್ಲಿ ಬರುತ್ತಿದ್ದರು ಎಂದು ಅತ್ತೆ.

ಕಳೆದ ವರ್ಷ ಭದ್ರಾವತಿಯಿಂದ ಒಬ್ಬ ಹುಡುಗಿ ಬಂದಳು. ಶಿವಮೊಗ್ಗದಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಅಂದು ಸಂಜೆ ಕಾಲೇಜಿನ ಆಫೀಸು ಮುಚ್ಚುವುದರೊಳಗೆ ಫೀಸು ಕಟ್ಟದಿದ್ದರೆ ಸೀಟು ಬೇರೆಯವರ ಪಾಲು. ಅವಳು ನೀಲಿ ಚೂಡಿದಾರ ಹಾಕಿದ್ದಳು ಎಂದು ಬರೆದು ಹೊಡೆದುಹಾಕಿದೆ. ನೀಲಿ ಬಹುಶಃ ನಾನು ಆಮೇಲೆ ಬಳಿದ ಬಣ್ಣ. ಗೋಡೆಯ ಗಡಿಯಾರವನ್ನು ಅವಳು ಕದ್ದು ಕದ್ದು ನೋಡುತ್ತಿದ್ದದ್ದು ಮಾತ್ರ ನಿಜ.

“ಹೇಳಮ್ಮ,” ಎಂದರು ಚಿಕ್ಕಪ್ಪ.

“ಭದ್ರಾವತಿಯಿಂದ ನಡ್ಕೊಂಡು ಬರ್ತಿದ್ರು ಸರ್.”

“ರೈಲಲ್ಲಿ,” ಎಂದರು ಅತ್ತೆ. “ಕಾಫಿ ಕೊಡೋವಾಗ ಅಷ್ಟು ಬಿಡಿಸಿ ಹೇಳಿದೀನಲ್ಲ.”

“ಅಕ್ಕ, ನೀನು ನೋಡಿದ್ಯಾ?”

“ನೀನು ನೋಡಿದ್ಯೇನೋ ಮಾರಾಯ? ಅಪ್ಪ ಶಾಲೆಗೆ ಹೋಗೋವಾಗ ನೀನಿನ್ನೂ ಹುಟ್ಟಿರ್ಲಿಲ್ಲ.”

“ನೀನು ಹುಟ್ಟಿದ್ಯಾ?”

“ನಿನಗಿಂತ ಮೊದ್ಲು ಹುಟ್ಟಿದೀನಿ.”

ಇಬ್ಬರ ನಡುವೆ ಚೆಕ್ಕು ಹಾಗೇ ಬಿದ್ದಿತ್ತು. ಹುಡುಗಿ ಗಡಿಯಾರ ನೋಡಿದಳು, ಆಮೇಲೆ ಇಬ್ಬರ ಮುಖ ನೋಡಿದಳು.

“ಎರಡೂ ಇರಬಹುದು ಸರ್. ರೈಲು ಹತ್ತಿರ್ತಾರೆ. ಟಿಕೆಟ್ ಕೇಳೋರು ಬಂದು ಮಧ್ಯದಲ್ಲೇ ಇಳಿಸಿರ್ತಾರೆ. ಅಲ್ಲಿಂದ ನಡ್ಕೊಂಡು ಬಂದಿರ್ತಾರೆ.”

ಅತ್ತೆ ನಗುತ್ತಲೇ ಸಹಿ ಹಾಕಿದರು. ಚಿಕ್ಕಪ್ಪ ಪೆನ್ನಿಗೆ ಮುಚ್ಚಳ ಹಾಕಿದರು.

“ನಮ್ಮಪ್ಪನ್ನ ರೈಲಿಂದ ಇಳಿಸಿದ್ರು ಅಂತೀಯ?”

ಹುಡುಗಿಯ ಮುಖ ಬಿಳಿಚಿಕೊಂಡಿತು. ಸೀಟು ಕೈತಪ್ಪಿತು ಎಂದೇ ನಾನೂ ಅಂದುಕೊಂಡೆ. ಅವಳು ತಡವರಿಸಿ ಹೇಳಿದಳು: “ಇಳಿಸಿದ್ರೂ ವಾಪಸ್ ಮನೆಗೆ ಹೋಗ್ಲಿಲ್ವಲ್ಲ ಸರ್. ಶಾಲೆ ಕಡೆಗೇ ನಡೆದ್ರು.”

ಚಿಕ್ಕಪ್ಪ ಕಿಟಕಿಯಾಚೆ ನೋಡುತ್ತ ಕೂತರು. ಅಂಥ ಅಪ್ಪ ಅವರಿಗೆ ಹಿಡಿಸತೊಡಗಿದ ಹಾಗಿತ್ತು.

“ದಿನಾ ಇಳಿಸಿರ್ತಾರೆ ಅಂತೀಯ?”

“ದಿನಾ ಸರ್.”

ಪೆನ್ನಿನ ಮುಚ್ಚಳ ತೆಗೆದರು.

ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಕಾಲೇಜಿಗೆ ಹೊರಟೆ. ದಾರಿಯುದ್ದಕ್ಕೂ ಸಿಗ್ನಲ್ಲುಗಳೆಲ್ಲ ಕೆಂಪಾಗಿದ್ದವು ಎಂದು ನೆನಪು ಹೇಳುತ್ತದೆ. ನೆನಪಿನಲ್ಲಿರುವಷ್ಟು ಸಿಗ್ನಲ್ಲು ನಮ್ಮೂರಲ್ಲಿ ಇಲ್ಲ. ತಲುಪಿದಾಗ ಗುಮಾಸ್ತರು ಕಿಂಡಿಯ ಬಾಗಿಲನ್ನು ಅರ್ಧ ಎಳೆದಿದ್ದರು. ಹುಡುಗಿ ಚೆಕ್ಕನ್ನೂ ಕೈಯನ್ನೂ ಒಟ್ಟಿಗೇ ಒಳಗೆ ತೂರಿಸಿದಳು. ಅವರು ಗೊಣಗುತ್ತ ಕಂಪ್ಯೂಟರನ್ನು ಮತ್ತೆ ಆನ್ ಮಾಡಿದರು.

ಅದು ಶುರುವಾಗುವಷ್ಟರಲ್ಲಿ ಕೇಳಿದೆ: “ಟಿಕೆಟ್ ಕೇಳೋರು ಇಳಿಸಿದ್ದು ನಿಂಗೆ ಹೇಗೆ ಹೊಳೀತು?”

“ನನ್ನೂ ಒಂದ್ಸಲ ಇಳಿಸಿದ್ರು ಸರ್.”

“ಅಲ್ಲಿಂದ ನಡ್ಕೊಂಡು ಬಂದ್ಯಾ?”

“ಅಯ್ಯೋ, ಆಟೋದಲ್ಲಿ ಬಂದೆ. ಅಷ್ಟು ದೂರ ಯಾರು ನಡೀತಾರೆ ಸರ್?” ಎಂದು, ಕಿಂಡಿಯಿಂದ ಹೊರಬಂದ ರಸೀದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.